ಎನ್‌ಐಸಿಯುನಲ್ಲಿರುವ ಕೂಸಿನ ಕಿಡ್ನಿಗೆ ಪೆಟ್ಟಾದಾಗ: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

"ಎಷ್ಟು ಉಚ್ಚೆ ಹೊಯ್ತು?" ಹಾಸನ ಸೀಮೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ (ಎನ್‌ಐಸಿಯು) ನರ್ಸ್ ಆಗಿ ದುಡಿದ ಇಷ್ಟು ವರ್ಷಗಳಲ್ಲಿ, ರೌಂಡ್ಸ್ ಹೊತ್ತಿಗೆ ನನ್ನ ಕಿವಿಗೆ ಹೆಚ್ಚು ಸಲ ಬಿದ್ದ ಪ್ರಶ್ನೆ ಇದು. ಹೊರಗೆ ಕಾಯುವ ಮನೆಯವರು ಕೇಳುವುದೇ ಬೇರೆ. ಉಸಿರಾಟ ಹೇಗಿದೆ, ಹಾಲು ಕುಡೀತಾ, ತೂಕ ಎಷ್ಟಾಯ್ತು, ಮನೆಗೆ ಯಾವಾಗ ಕಳಿಸ್ತೀರಿ. ಉಚ್ಚೆಯ ವಿಷಯ ಯಾರೂ ಎತ್ತುವುದಿಲ್ಲ. ಡಾಕ್ಟರು ಬಂದು "ಕಿಡ್ನಿಗೆ ಸ್ವಲ್ಪ ಪೆಟ್ಟು ಬಿದ್ದಿದೆ" ಎಂದಾಗ ಮಾತ್ರ ಎಲ್ಲರ ಮುಖ ಬಿಳಿಚಿಕೊಳ್ಳುತ್ತದೆ.

ಅರಕಲಗೂಡು, ಆಲೂರು, ಸಕಲೇಶಪುರ, ಬೇಲೂರು, ಆಚೆ ಮೂಡಿಗೆರೆ ಕಡೆಯಿಂದಲೂ ಕೂಸುಗಳು ಇಲ್ಲಿಗೆ ಬರುತ್ತವೆ. ಎಷ್ಟೋ ಸಲ ತಾಯಿ ಆಪರೇಷನ್ ಆಗಿ ಹೆರಿಗೆಯಾದ ಆಸ್ಪತ್ರೆಯಲ್ಲೇ ಮಲಗಿರುತ್ತಾಳೆ. ಕೂಸಿನ ಜೊತೆ ಬಂದವರು ಅಪ್ಪ, ಇಲ್ಲವೇ ಅಜ್ಜಿ. ಅವರ ಕೈಯಲ್ಲೊಂದು ಚೀಟಿ. ಅದರಲ್ಲಿ ಎ.ಕೆ.ಐ. ಎಂಬ ಮೂರು ಅಕ್ಷರ. ಆ ಚೀಟಿ ಹಿಡಿದು ಕಾರಿಡಾರಿನಲ್ಲಿ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದು ಡಾಕ್ಟರ ಮಾತಿಗೆ ಬದಲಿಯಲ್ಲ. ಅವರ ಮಾತು ನಿಮಗೆ ಅರ್ಥವಾಗಲಿ, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಲು ಬರಲಿ ಅಂತ.

ಹೆಜ್ಜೆ 1: ಹೆಸರಿಗೆ ಹೆದರಬೇಡಿ, ಅರ್ಥ ತಿಳಿದುಕೊಳ್ಳಿ

ಊರಿಗೆ ಫೋನು ಹೋಗುವಾಗ ಸುದ್ದಿ "ಕಿಡ್ನಿ ಫೇಲ್" ಅಂತ ಹೋಗುತ್ತದೆ. ದಯವಿಟ್ಟು ಹಾಗೆ ಹೇಳಬೇಡಿ. ಬಾಣಂತಿಯ ಕಿವಿಗೆ ಅದು ಬಿದ್ದರೆ ಅವಳ ನಿದ್ದೆ ಹೋಗುತ್ತದೆ, ಎದೆಹಾಲೂ ಕಡಿಮೆಯಾಗುತ್ತದೆ. ಎ.ಕೆ.ಐ. ಎಂದರೆ ಕಿಡ್ನಿಗೆ ಹಠಾತ್ತನೆ ಆದ ಪೆಟ್ಟು. ಕೆಲವು ಗಂಟೆಗಳಲ್ಲಿ, ಇಲ್ಲವೇ ಕೆಲವು ದಿನಗಳಲ್ಲಿ ಅದರ ಕೆಲಸ ಕುಗ್ಗಿದೆ ಎಂದರ್ಥ. ಅದರಲ್ಲಿ ಸಣ್ಣದೂ ಇದೆ, ದೊಡ್ಡದೂ ಇದೆ. ಹಂತ 1, 2, 3 ಎಂದು ಡಾಕ್ಟರು ಗುರುತಿಸುತ್ತಾರೆ. ಕಾರಣ ಬೇಗ ಸಿಕ್ಕಿ, ಅದಕ್ಕೆ ಚಿಕಿತ್ಸೆಯಾದರೆ ಬಹಳಷ್ಟು ಕೂಸುಗಳ ಕಿಡ್ನಿ ಮತ್ತೆ ಕೆಲಸಕ್ಕೆ ಮರಳುತ್ತದೆ.

ಹುಟ್ಟಿದ ಕೂಸಿನ ಕಿಡ್ನಿ ಯಾಕೆ ಇಷ್ಟು ನಾಜೂಕು? ಹೊಟ್ಟೆಯೊಳಗಿರುವಾಗ ರಕ್ತ ಶುದ್ಧ ಮಾಡುವ ಕೆಲಸವನ್ನು ಮಾಸು, ಅಂದರೆ ಪ್ಲಾಸೆಂಟಾ, ಮಾಡುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಿಂದ ಅಷ್ಟೂ ಹೊರೆ ಎರಡು ಪುಟ್ಟ ಕಿಡ್ನಿಗಳ ಮೇಲೆ. ದೊಡ್ಡವರಲ್ಲಿ ಹೃದಯ ತಳ್ಳುವ ರಕ್ತದ ಐದನೇ ಒಂದು ಪಾಲಿನಷ್ಟು ಕಿಡ್ನಿಗೆ ಹೋಗುತ್ತದೆ. ಆಗ ತಾನೇ ಹುಟ್ಟಿದ ಕೂಸಿನಲ್ಲಿ ಹೋಗುವುದು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ರಕ್ತದ ಒತ್ತಡ ಸ್ವಲ್ಪ ಇಳಿದರೂ ಕಿಡ್ನಿಗೆ ಕೂಡಲೇ ತಟ್ಟುತ್ತದೆ.

ತಿಂಗಳು ತುಂಬದೆ ಹುಟ್ಟಿದ ಕೂಸಿನದು ಇನ್ನೊಂದು ಕಷ್ಟ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಘಟಕಗಳಿಗೆ ನೆಫ್ರಾನ್ ಎನ್ನುತ್ತಾರೆ. ಒಂದೊಂದು ಕಿಡ್ನಿಯಲ್ಲೂ ಸರಾಸರಿ 10 ಲಕ್ಷದಷ್ಟು ಇರುತ್ತವೆ. ಅವು ಬೆಳೆದು ಮುಗಿಯುವುದು ಗರ್ಭದ 34ರಿಂದ 36ನೇ ವಾರದ ಹೊತ್ತಿಗೆ. 28 ವಾರಕ್ಕೇ ಹುಟ್ಟಿದ ಕೂಸಿನಲ್ಲಿ ಆ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಹುಟ್ಟಿದ ಮೇಲೆ ಕೆಲವು ವಾರ ಮಾತ್ರ ಹೊಸ ನೆಫ್ರಾನ್ ಬೆಳೆಯುತ್ತವೆ, ಆಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಇದ್ದಷ್ಟನ್ನು ಉಳಿಸಿಕೊಳ್ಳುವುದೇ ಎಲ್ಲರ ಕೆಲಸ.

ಹೆಜ್ಜೆ 2: ನಿಮ್ಮ ಕೂಸಿಗೆ ಯಾಕಾಯಿತು ಎಂದು ಕೇಳಿ

ಇದು ನಿಮ್ಮೊಬ್ಬರ ಮನೆಗೆ ಬಂದ ಶಾಪವಲ್ಲ. ಅವೇಕನ್ ಎಂಬ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ ನಾಲ್ಕು ದೇಶಗಳ 24 ಘಟಕಗಳಲ್ಲಿ ತೀವ್ರ ನಿಗಾದಲ್ಲಿದ್ದ 2,022 ಕೂಸುಗಳ ದಾಖಲೆ ನೋಡಿದರು. 605 ಕೂಸುಗಳಿಗೆ, ಅಂದರೆ ನೂರಕ್ಕೆ 30ರಷ್ಟು ಕೂಸುಗಳಿಗೆ, ಕಿಡ್ನಿಗೆ ಪೆಟ್ಟಾಗಿತ್ತು. 29 ವಾರಕ್ಕಿಂತ ಮೊದಲು ಹುಟ್ಟಿದವರಲ್ಲಿ ನೂರಕ್ಕೆ 48. ಅಚ್ಚರಿ ಏನೆಂದರೆ, 36 ವಾರ ತುಂಬಿ ಹುಟ್ಟಿ ಘಟಕ ಸೇರಿದವರಲ್ಲೂ ನೂರಕ್ಕೆ 37. ತಿಂಗಳು ತುಂಬಿದ ಕೂಸು ಎನ್‌ಐಸಿಯುಗೆ ಬಂದಿದೆ ಎಂದರೆ ಅದಕ್ಕೆ ಸಣ್ಣ ತೊಂದರೆ ಇರುವುದಿಲ್ಲ, ಅದಕ್ಕೇ.

ಕಾರಣಗಳನ್ನು ಮೂರು ಗುಂಪು ಮಾಡಿ ನೆನಪಿಡಿ. ಕಿಡ್ನಿಗೆ ರಕ್ತ ಸಾಲದೆ ಬರುವುದು. ಕಿಡ್ನಿಯ ಒಳಗೇ ಪೆಟ್ಟಾಗುವುದು. ಮೂತ್ರ ಹೊರಬರುವ ದಾರಿ ಕಟ್ಟಿಕೊಳ್ಳುವುದು.

ಹೆಚ್ಚು ಕಾಣುವುದು ಮೊದಲನೆಯದು. ಹುಟ್ಟುವಾಗ ಕೂಸು ತಕ್ಷಣ ಅಳಲಿಲ್ಲ, ಆಕ್ಸಿಜನ್ ಸಾಲಲಿಲ್ಲ. ಆಗ ದೇಹ ಇದ್ದ ರಕ್ತವನ್ನು ಮೆದುಳಿಗೂ ಹೃದಯಕ್ಕೂ ಕಳಿಸುತ್ತದೆ, ಕಿಡ್ನಿ ಕಾಯಬೇಕಾಗುತ್ತದೆ. ರಕ್ತಕ್ಕೆ ಸೋಂಕು ತಗುಲಿ ಒತ್ತಡ ಇಳಿದರೂ ಹೀಗೇ. ಈ ಸ್ಥಿತಿ ಜಾಸ್ತಿ ಹೊತ್ತು ಮುಂದುವರಿದರೆ ಅದೇ ಎರಡನೇ ಗುಂಪಿಗೆ ತಿರುಗುತ್ತದೆ.

ನಮ್ಮ ಕಡೆ ನಾನು ಮತ್ತೆ ಮತ್ತೆ ನೋಡುವ ಇನ್ನೊಂದು ಕಾರಣವಿದೆ. ಅದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಸಲ ಇದನ್ನು ತಡೆಯಬಹುದು. ಚೊಚ್ಚಲ ಹೆರಿಗೆ. ಕೂಸು ದುಂಡಗಿದೆ. ಮೂರನೇ ದಿನ ಮನೆಗೆ ಹೋಗಿದ್ದಾರೆ. ಹಾಲು ಇನ್ನೂ ಸರಿಯಾಗಿ ಇಳಿದಿಲ್ಲ, ಕೂಸು ಮೊಲೆ ಸರಿಯಾಗಿ ಹಿಡಿಯುತ್ತಿಲ್ಲ. ಹಸಿದು ಹಸಿದು ಸುಸ್ತಾಗಿ ಮಲಗುತ್ತದೆ. ಮನೆಯವರು "ಅಳೋದೇ ಇಲ್ಲ, ಒಳ್ಳೆ ಕೂಸು" ಎನ್ನುತ್ತಾರೆ. ಆರನೇ ದಿನ ಮೈ ಬಿಸಿ, ಕಣ್ಣು ಹಳದಿ, ಬಾಯಿ ಒಣಗಿದೆ, ಹಿಂದಿನ ರಾತ್ರಿಯಿಂದ ಬಟ್ಟೆ ಒದ್ದೆಯಾಗಿಲ್ಲ. ತೂಕ ಹಾಕಿದರೆ ಹುಟ್ಟಿದ ತೂಕಕ್ಕಿಂತ ನೂರಕ್ಕೆ 15ರಷ್ಟು ಕಡಿಮೆ. ರಕ್ತದಲ್ಲಿ ಸೋಡಿಯಂ ಏರಿ ಕೂತಿರುತ್ತದೆ. ಹೀಗೆ ಬಂದ ಕೂಸಿಗೆ ಡ್ರಿಪ್ ನಿಧಾನವಾಗಿ ಹಾಕುತ್ತಾರೆ. "ನೀರು ಕಡಿಮೆಯಾಗಿದೆ ಅಂತೀರಿ, ಮತ್ತೆ ಬೇಗ ಬೇಗ ಯಾಕೆ ಹಾಕಲ್ಲ?" ಎಂದು ಅಪ್ಪಂದಿರು ಕೇಳುತ್ತಾರೆ. ಸೋಡಿಯಂ ಸರ್ರನೆ ಇಳಿದರೆ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರಬಹುದು. ಆ ನಿಧಾನ ಬೇಕೆಂದೇ ಮಾಡುವ ನಿಧಾನ.

ಎರಡನೇ ಗುಂಪಿನಲ್ಲಿ ಔಷಧಿಗಳ ಪಾಲೂ ಇದೆ. ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೋಮೈಸಿನ್, ಆಂಫೊಟೆರಿಸಿನ್, ಹೃದಯದ ಬಳಿಯ ರಕ್ತನಾಳ ಮುಚ್ಚಲು ಕೊಡುವ ಐಬುಪ್ರೊಫೆನ್ ಮತ್ತು ಇಂಡೊಮೆಥಾಸಿನ್. ಈ ಹೆಸರು ಕೇಳಿ ಡಾಕ್ಟರ ಮೇಲೆ ಸಿಟ್ಟಾಗಬೇಡಿ. ಸೋಂಕಿಗೆ ಔಷಧಿ ಕೊಡದಿದ್ದರೆ ಜೀವಕ್ಕೇ ಅಪಾಯ. ಕೇಳಬೇಕಾದ ಪ್ರಶ್ನೆ ಇಷ್ಟೇ: "ಕಿಡ್ನಿ ನೋಡಿಕೊಂಡು ಡೋಸು ಹೊಂದಿಸಿದ್ದೀರಾ? ಎಷ್ಟು ದಿನ ಬೇಕಾಗಬಹುದು?" ಅದನ್ನು ಕೇಳುವ ಹಕ್ಕು ನಿಮಗಿದೆ.

ಮೂರನೆಯದು ದಾರಿ ಕಟ್ಟಿಕೊಳ್ಳುವುದು. ಗಂಡು ಕೂಸುಗಳಲ್ಲಿ ಮೂತ್ರನಾಳದೊಳಗೆ ಹುಟ್ಟಿನಿಂದಲೇ ಒಂದು ಪೊರೆ ಇರಬಹುದು. ಉಚ್ಚೆ ಧಾರೆಯಾಗಿ ಬರುವುದಿಲ್ಲ, ತೊಟ್ಟಿಕ್ಕುತ್ತದೆ. ಕೆಳಹೊಟ್ಟೆ ಉಬ್ಬಿರುತ್ತದೆ. ಇದರ ಸುಳಿವು ಬಸುರಿಯಲ್ಲಿ ಮಾಡಿಸಿದ ಸ್ಕ್ಯಾನಿನಲ್ಲೇ ಇರಬಹುದು: ಕಿಡ್ನಿ ಊದಿದೆ ಎಂದೋ, ನೆತ್ತಿನೀರು ಕಡಿಮೆ ಎಂದೋ ಬರೆದಿರುತ್ತಾರೆ. ಅದಕ್ಕೇ ಮೊದಲ ದಿನವೇ ತಾಯಿ ಕಾರ್ಡು ಮತ್ತು ಎಲ್ಲ ಸ್ಕ್ಯಾನ್ ರಿಪೋರ್ಟು ತರಿಸಿ. ಮನೆಯ ಬೀರುವಿನಲ್ಲಿ ಬಿದ್ದಿದ್ದರೆ ಯಾರನ್ನಾದರೂ ಕಳಿಸಿ. ಫೋಟೊ ತೆಗೆದು ಕಳಿಸಿದರೂ ಆಯಿತು.

ಮತ್ತೊಂದು ಮಾತು. ಕೂಸಿಗೆ ಮನೆಯಲ್ಲಿ ಏನಾದರೂ ನೆಕ್ಕಿಸಿದ್ದರೆ ಮುಚ್ಚಿಡಬೇಡಿ. ಸುತ್ತುಖಾರ, ಬಜೆ, ಜೇನುತುಪ್ಪ, ಹರಳೆಣ್ಣೆ, ಸಕ್ಕರೆ ನೀರು, ಯಾವುದೇ ಆಗಲಿ. ತಾಯಿ ಬಸುರಿಯಲ್ಲಿ ನೋವಿನ ಮಾತ್ರೆ, ಬಿ.ಪಿ. ಮಾತ್ರೆ ನುಂಗಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆಂಬ ಹೆದರಿಕೆಯಿಂದ ಅಜ್ಜಿಯಂದಿರು ಸುಮ್ಮನಿದ್ದುಬಿಡುತ್ತಾರೆ. ಯಾರಾದರೂ ಬೈದರೂ ಆ ಮಾತು ಒಂದು ನಿಮಿಷದ್ದು. ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪಬಹುದು.

ಹೆಜ್ಜೆ 3: ಉಚ್ಚೆಯ ಲೆಕ್ಕ ಕಲಿಯಿರಿ

ಬಹುಪಾಲು ಕೂಸುಗಳು ಹುಟ್ಟಿದ 24 ಗಂಟೆಯೊಳಗೆ ಮೊದಲ ಉಚ್ಚೆ ಹೊಯ್ಯುತ್ತವೆ. 48 ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲವೂ. ಅಲ್ಲಿಗೂ ಬರದಿದ್ದರೆ ಕಾರಣ ಹುಡುಕಲೇಬೇಕು. ಮೊದಲ ದಿನ ಕಳೆದ ಮೇಲೆ ಒಂದು ಕಿಲೋ ತೂಕಕ್ಕೆ ಗಂಟೆಗೆ 1ರಿಂದ 3 ಮಿಲಿ ಉಚ್ಚೆ ಬರಬೇಕು. 1 ಮಿಲಿಗಿಂತ ಕೆಳಗಿಳಿದರೆ ಎಚ್ಚರ.

ಲೆಕ್ಕ ಕಷ್ಟವೇನಿಲ್ಲ. ಬಟ್ಟೆ ಅಥವಾ ಡೈಪರನ್ನು ಒಣಗಿದ್ದಾಗ ತೂಗುತ್ತೇವೆ, ಒದ್ದೆಯಾದ ಮೇಲೆ ಮತ್ತೆ ತೂಗುತ್ತೇವೆ. ಹೆಚ್ಚಾದ ಒಂದು ಗ್ರಾಂ ಎಂದರೆ ಒಂದು ಮಿಲಿ ಉಚ್ಚೆ. 2 ಕಿಲೋ ಕೂಸು ಎಂದಿಟ್ಟುಕೊಳ್ಳಿ. ಒಣ ಬಟ್ಟೆ 22 ಗ್ರಾಂ ಇತ್ತು, ಒದ್ದೆ ಬಟ್ಟೆ 40 ಗ್ರಾಂ ಬಂತು. 6 ಗಂಟೆಯಲ್ಲಿ ಅದೊಂದೇ ಬಟ್ಟೆ ಒದ್ದೆಯಾಗಿದ್ದು. 18 ಮಿಲಿ. ಅದನ್ನು 2 ಕಿಲೋದಿಂದ ಭಾಗಿಸಿದರೆ 9. ಮತ್ತೆ 6 ಗಂಟೆಯಿಂದ ಭಾಗಿಸಿದರೆ 1.5. ಚೆನ್ನಾಗಿದೆ. ಅದೇ ಕೂಸಿಗೆ 6 ಗಂಟೆಯಲ್ಲಿ 6 ಮಿಲಿ ಮಾತ್ರ ಬಂದಿದ್ದರೆ 0.5. ಆಗ ಡಾಕ್ಟರನ್ನು ಕರೆಯಬೇಕು.

ಈ ಲೆಕ್ಕದಲ್ಲಿ ತಪ್ಪು ನುಸುಳುವ ಜಾಗಗಳಿವೆ. ಕೂಸನ್ನು ಬೆಚ್ಚಗಿಡುವ ವಾರ್ಮರ್ ಕೆಳಗೆ ಒದ್ದೆ ಬಟ್ಟೆ ಹಾಗೇ ಬಿದ್ದಿದ್ದರೆ ನೀರು ಆರಿಹೋಗುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಕಕ್ಕಸು ಬೆರೆತರೆ ಜಾಸ್ತಿ ಬರುತ್ತದೆ. ನೀವು ಒಳಗೆ ಹೋಗಿ ಕೂಸಿನ ಬಟ್ಟೆ ಬದಲಿಸಿದರೆ ಅದನ್ನು ಬುಟ್ಟಿಗೆ ಎಸೆಯಬೇಡಿ. ಸಿಸ್ಟರ್ ಕೈಗೇ ಕೊಡಿ. "ಇದನ್ನ ತೂಗಿ ಸಿಸ್ಟರ್" ಎಂದರೆ ನಮಗೆ ಬೇಜಾರಿಲ್ಲ, ನಿಜಕ್ಕೂ ಖುಷಿ. ರಾತ್ರಿ ಪಾಳಿಯಲ್ಲಿ ಒಬ್ಬರೇ ಹಲವು ಕೂಸು ನೋಡುವಾಗ ಒಂದು ಬಟ್ಟೆ ಲೆಕ್ಕ ತಪ್ಪುವುದು ಸುಲಭ.

ಒಂದು ವಿಷಯ ಮರೆಯಬೇಡಿ. ಉಚ್ಚೆ ಚೆನ್ನಾಗಿ ಬರುತ್ತಿದೆ ಎಂದ ಮಾತ್ರಕ್ಕೆ ಕಿಡ್ನಿ ಸರಿಯಿದೆ ಎನ್ನಲು ಬರುವುದಿಲ್ಲ. ಹುಟ್ಟುವಾಗ ಉಸಿರುಕಟ್ಟಿದ ಕೂಸುಗಳಲ್ಲಿ, ಜೆಂಟಾಮೈಸಿನ್‌ನಿಂದ ಪೆಟ್ಟಾದ ಕೂಸುಗಳಲ್ಲಿ ಉಚ್ಚೆಯ ಪ್ರಮಾಣ ಸರಿಯಾಗೇ ಇರಬಹುದು. ನೀರು ಹೊರಹೋಗುತ್ತದೆ, ಕಸ ಒಳಗೇ ಉಳಿಯುತ್ತದೆ. ಅದಕ್ಕೇ ರಕ್ತ ಪರೀಕ್ಷೆಯೂ ಬೇಕು.

ಹೆಜ್ಜೆ 4: ತೂಕ ಏರಿದರೆ ಯಾಕೆ ಏರಿತು ಎಂದು ಕೇಳಿ

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಘಟಕದಲ್ಲಿ ನಡೆದದ್ದನ್ನು ಹೇಳಬೇಕು. ತಿಂಗಳು ತುಂಬಿದ ಕೂಸು, 2 ಕಿಲೋ 800 ಗ್ರಾಂ. ಹುಟ್ಟುವಾಗ ಉಸಿರುಕಟ್ಟಿತ್ತು. ಮೂರನೇ ದಿನ ಬೆಳಗ್ಗೆ ತೂಗಿದೆ. 2 ಕಿಲೋ 950. ಹೊರಗೆ ಬಂದು ಹೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು "ನೂರೈವತ್ತು ಗ್ರಾಂ ತುಂಬಿಕೊಂಡಿತೇನವ್ವ" ಎಂದು ಕಣ್ಣು ಒರೆಸಿಕೊಂಡರು. ನನಗೂ ಖುಷಿಯೇ. ಚಾರ್ಟಿನಲ್ಲಿ ಉಚ್ಚೆಯ ಕಾಲಮ್ಮಿಗೆ ಎರಡು ದಿನದಿಂದ ನಾನು ಬರೆದದ್ದು ಬರೀ ಒಂದು ಪ್ಲಸ್ ಗುರುತು. ಹಿರಿಯ ಡಾಕ್ಟರು ಬಂದರು. ಕೂಸಿನ ರೆಪ್ಪೆ ನೋಡಿದರು, ಕಾಲಿನ ಮೇಲೆ ಬೆರಳೊತ್ತಿ ನೋಡಿದರು. "ಪ್ಲಸ್ ಅಂದರೆ ಎಷ್ಟು ಮಿಲಿ ಸಿಸ್ಟರ್?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ 150 ಗ್ರಾಂ ಮಾಂಸವಲ್ಲ, ಹೊರಹೋಗದೆ ಉಳಿದ ನೀರು. ಆ ಕೂಸು ಉಳಿಯಿತು. ಡ್ರಿಪ್ ಕಡಿಮೆ ಮಾಡಿದರು, ನಾಲ್ಕೈದು ದಿನದಲ್ಲಿ ಉಚ್ಚೆ ತಾನಾಗೇ ಹೆಚ್ಚಿತು. ಆದರೆ ಎರಡು ದಿನ ಮೊದಲೇ ಗೊತ್ತಾಗಬೇಕಿತ್ತು. ಅವತ್ತಿನಿಂದ ನಾನು ಪ್ಲಸ್ ಗುರುತು ಹಾಕಿಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೂ ಇದನ್ನೇ ಮೊದಲು ಹೇಳುತ್ತೇನೆ.

ತಿಂಗಳು ತುಂಬಿದ ಕೂಸು ಮೊದಲ ದಿನಗಳಲ್ಲಿ ನೂರಕ್ಕೆ 7ರಿಂದ 10ರಷ್ಟು ತೂಕ ಇಳಿಯುವುದು ಸಹಜ. ಬೇಗ ಹುಟ್ಟಿದ ಕೂಸು ಇನ್ನೂ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಹುಟ್ಟಿದ ತೂಕಕ್ಕೆ ಮರಳುವುದು ಸುಮಾರು 10ರಿಂದ 14 ದಿನಕ್ಕೆ. ಹಾಗಾಗಿ ಕಾಯಿಲೆಯ ಕೂಸು ಮೊದಲ ವಾರದಲ್ಲೇ ದಿನದಿನಕ್ಕೆ ತೂಕ ಏರಿಸಿಕೊಂಡರೆ ಸಂತೋಷಪಡುವ ಮೊದಲು ಕೇಳಿ: "ಇದು ಬೆಳವಣಿಗೆಯಾ, ನೀರಾ?" ಕಣ್ಣಿನ ಸುತ್ತ ಊತ, ಬೆನ್ನಿನ ಕೆಳಗೆ ಊತ, ಟೇಪು ಅಂಟಿಸಿದ ಜಾಗದಲ್ಲಿ ಗೆರೆ ಬೀಳುವುದು, ಇವೆಲ್ಲ ನೀರು ನಿಂತ ಲಕ್ಷಣ. ಸದಾ ಮಲಗಿರುವ ಕೂಸಾದ್ದರಿಂದ ನೀರು ಬೆನ್ನು, ಸೊಂಟದ ಕಡೆಗೇ ಇಳಿಯುತ್ತದೆ. ಮುಖ ಮಾತ್ರ ನೋಡಿದರೆ ತಿಳಿಯದೇ ಹೋಗಬಹುದು.

ಹೆಜ್ಜೆ 5: ಕ್ರಿಯಾಟಿನಿನ್ ಅಂಕಿ ಓದುವುದು

ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕಸ. ಲ್ಯಾಬ್ ಚೀಟಿಯಲ್ಲಿ ಅದರ ಎದುರಿಗೆ ಒಂದು ಅಂಕಿ, ಪಕ್ಕದಲ್ಲಿ "ನಾರ್ಮಲ್" ಎಷ್ಟು ಎಂಬ ಅಂಕಿ ಇರುತ್ತದೆ. ಆ ನಾರ್ಮಲ್ ಬಹಳ ಸಲ ದೊಡ್ಡವರ ಲೆಕ್ಕದ್ದು. ಅದನ್ನು ನೋಡಿ ನಿರಾಳವಾಗಬೇಡಿ, ಗಾಬರಿಯೂ ಆಗಬೇಡಿ.

ಮೊದಲ ಒಂದೆರಡು ದಿನ ಕೂಸಿನ ರಕ್ತದಲ್ಲಿ ಕಾಣುವ ಕ್ರಿಯಾಟಿನಿನ್ ಬಹುಪಾಲು ತಾಯಿಯದು. ತಾಯಿಯದು ಹೆಚ್ಚಿದ್ದರೆ ಕೂಸಿನದೂ ಹೆಚ್ಚು ಕಾಣುತ್ತದೆ. ಆಮೇಲೆ ದಿನದಿನಕ್ಕೆ ಇಳಿಯಬೇಕು. ತಿಂಗಳು ತುಂಬಿದ ಕೂಸಿನಲ್ಲಿ ಒಂದೆರಡು ವಾರದಲ್ಲಿ ಚೆನ್ನಾಗಿ ಇಳಿದಿರುತ್ತದೆ. ತೀರಾ ಬೇಗ ಹುಟ್ಟಿದ್ದರೆ ಮೊದಲು ಸ್ವಲ್ಪ ಏರಿ ಆಮೇಲೆ ಇಳಿಯುತ್ತದೆ. ಹಾಗಾಗಿ ಒಂದೇ ಒಂದು ಅಂಕಿಯಿಂದ ಏನೂ ಹೇಳಲಾಗದು. ಎರಡು, ಮೂರು ಅಂಕಿಗಳನ್ನು ಸಾಲಾಗಿಟ್ಟು ನೋಡಬೇಕು.

48 ಗಂಟೆಯಲ್ಲಿ 0.3 ಏರಿದರೆ, ಅಥವಾ ಒಂದು ವಾರದೊಳಗೆ ಹಿಂದಿನ ಅತಿ ಕಡಿಮೆ ಅಂಕಿಯ ಒಂದೂವರೆ ಪಟ್ಟಾದರೆ ಅದು ಹಂತ 1. ಎರಡು ಪಟ್ಟಾದರೆ ಹಂತ 2. ಮೂರು ಪಟ್ಟು, ಇಲ್ಲವೇ 2.5 ಮುಟ್ಟಿದರೆ ಹಂತ 3. ಈಗ ನೋಡಿ, 4ನೇ ದಿನ 0.5 ಇದ್ದದ್ದು 6ನೇ ದಿನ 0.9 ಆಯಿತು. ಚೀಟಿಯ ಪ್ರಕಾರ ಎರಡೂ ನಾರ್ಮಲ್. ಆದರೆ ಕೂಸಿನ ಕಿಡ್ನಿಗೆ ಪೆಟ್ಟಾಗಿದೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ತಾರೀಕು, ತೂಕ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಬರೆದುಕೊಳ್ಳಿ. ಆಸ್ಪತ್ರೆ ಬದಲಾದರೆ ಈ ಒಂದು ಹಾಳೆ ಹೊಸ ಡಾಕ್ಟರಿಗೆ ಎಷ್ಟು ಸಹಾಯ ಅಂತೀರಿ!

ಇನ್ನೊಂದು ಸೂಕ್ಷ್ಮವಿದೆ. ಕ್ರಿಯಾಟಿನಿನ್ ತಡವಾಗಿ ಏರುತ್ತದೆ. ಪೆಟ್ಟು ಇವತ್ತು ಬಿದ್ದರೆ ಅಂಕಿ ಏರುವುದು ಒಂದೆರಡು ದಿನ ಕಳೆದು. ಅದಕ್ಕೇ ಉಚ್ಚೆ, ತೂಕದ ಲೆಕ್ಕವನ್ನು ಅಷ್ಟು ಒತ್ತಿ ಹೇಳಿದ್ದು. ಕಾಮಾಲೆ ಜಾಸ್ತಿ ಇರುವ ಕೂಸಿನಲ್ಲಿ ಹಳೆಯ ವಿಧಾನದ ಪರೀಕ್ಷೆ ಅಂಕಿಯನ್ನು ತಪ್ಪಾಗಿ ತೋರಿಸಬಹುದು, ಅದನ್ನೂ ಡಾಕ್ಟರು ಗಮನದಲ್ಲಿಡುತ್ತಾರೆ.

ಹೆಜ್ಜೆ 6: ಒಳಗೆ ಏನು ಮಾಡುತ್ತಿದ್ದಾರೆ ಎಂದು ತಿಳಿಯಿರಿ

ಕಿಡ್ನಿ ಸರಿಮಾಡುವ ಇಂಜೆಕ್ಷನ್ ಅಂತ ಒಂದಿಲ್ಲ. ಕಾರಣಕ್ಕೆ ಚಿಕಿತ್ಸೆ ಕೊಟ್ಟು, ಕಿಡ್ನಿ ಚೇತರಿಸಿಕೊಳ್ಳುವವರೆಗೆ ಕೂಸನ್ನು ಕಾಪಾಡಿಕೊಳ್ಳುವುದೇ ಚಿಕಿತ್ಸೆ.

ಮೈಯಲ್ಲಿ ನೀರು ಕಡಿಮೆಯಾಗಿದೆ ಎನಿಸಿದರೆ ಮೊದಲು ಸಲೈನ್ ಕೊಟ್ಟು ಉಚ್ಚೆ ಬರುತ್ತದಾ ನೋಡುತ್ತಾರೆ. ಸಾಮಾನ್ಯವಾಗಿ ಕಿಲೋಗೆ 10 ಮಿಲಿ. ಬಂದರೆ ಒಳ್ಳೆಯ ಸುದ್ದಿ. ಬರದಿದ್ದರೆ ಮತ್ತೆ ಮತ್ತೆ ಸುರಿಯುವುದಿಲ್ಲ. ಆಗ ಲೆಕ್ಕ ಬದಲಾಗುತ್ತದೆ: ಹೊರಹೋದ ಉಚ್ಚೆಯಷ್ಟು, ಜೊತೆಗೆ ಚರ್ಮದಿಂದ, ಉಸಿರಿನಿಂದ ಆರಿಹೋಗುವಷ್ಟು ಮಾತ್ರ ಒಳಗೆ. ಮನೆಯವರಿಗೆ ಇದು ಕರುಳು ಕಿತ್ತು ಬರುವ ಮಾತು. "ಕೂಸಿಗೆ ನೀರೂ ಕಡಿಮೆ, ಹಾಲೂ ಕಡಿಮೆ ಮಾಡಿದಾರೆ" ಎಂದು ಅಳುತ್ತಾರೆ. ತೂಬು ಮುಚ್ಚಿದ ಕೆರೆಗೆ ನೀರು ಬಿಡುತ್ತಲೇ ಹೋದರೆ ಏರಿ ಒಡೆಯುತ್ತದೆ ಅಲ್ವಾ? ಇಲ್ಲಿ ಏರಿ ಎಂದರೆ ಕೂಸಿನ ಶ್ವಾಸಕೋಶ ಮತ್ತು ಹೃದಯ.

ಫ್ರುಸೆಮೈಡ್ ಎಂಬ ಇಂಜೆಕ್ಷನ್ ಬಗ್ಗೆ ಜನರಿಗೆ ಬಹಳ ನಂಬಿಕೆ. ಅದು ಉಚ್ಚೆ ಬರಿಸುತ್ತದೆ, ತುಂಬಿದ ನೀರು ಇಳಿಸುತ್ತದೆ. ಕಿಡ್ನಿಯ ಪೆಟ್ಟನ್ನು ವಾಸಿ ಮಾಡುವುದಿಲ್ಲ. ಡಾಕ್ಟರು ಕೊಡಲಿಲ್ಲ ಎಂದು ಒತ್ತಾಯ ಮಾಡಬೇಡಿ.

ನಾವು ಹೆಚ್ಚು ಹೆದರುವುದು ಪೊಟ್ಯಾಸಿಯಂಗೆ. ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತ ಕೆಡಿಸುತ್ತದೆ. ಆಗ ಕ್ಯಾಲ್ಸಿಯಂ, ಇನ್ಸುಲಿನ್ ಜೊತೆ ಗ್ಲೂಕೋಸ್, ಸಾಲ್ಬ್ಯುಟಮಾಲ್ ಇಂಥವನ್ನು ತುರ್ತಾಗಿ ಕೊಡುತ್ತಾರೆ. "ಶುಗರ್ ಇಲ್ಲದ ಕೂಸಿಗೆ ಇನ್ಸುಲಿನ್ ಯಾಕೆ?" ಎಂದು ಒಬ್ಬ ತಂದೆ ಗಾಬರಿಯಿಂದ ಕೇಳಿದ್ದರು. ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳಲಿಕ್ಕೆ. ಹಿಮ್ಮಡಿ ಚುಚ್ಚಿ ಹಿಂಡಿ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಏರಿ ಕಾಣುವುದುಂಟು. ಎರಡನೇ ಸಲ ರಕ್ತ ತೆಗೆದರೆ ಬೇಸರ ಮಾಡಿಕೊಳ್ಳಬೇಡಿ.

ಹೆಜ್ಜೆ 7: ತಾಯಿಯ ಕೆಲಸ, ಅದನ್ನು ಬೇರೆ ಯಾರೂ ಮಾಡಲಾರರು

ಎದೆಹಾಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಫಾಸ್ಫರಸ್ ಎಲ್ಲ ಕಡಿಮೆ. ಹಸುವಿನ ಹಾಲಿನಲ್ಲಿ ಇವು ಬಹಳ ಜಾಸ್ತಿ. ಪೆಟ್ಟು ತಿಂದ ಕಿಡ್ನಿ ಹಸುವಿನ ಹಾಲಿನ ಹೊರೆ ತಾಳಲಾರದು. ಆದ್ದರಿಂದ ಕೂಸಿಗೆ ಸದ್ಯ 5 ಮಿಲಿಯೇ ಹಾಲು ಕೊಡುತ್ತಿದ್ದರೂ ತಾಯಿ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆಯುತ್ತಿರಲಿ. ರಾತ್ರಿಯೂ ಒಂದು ಸಲ. ಬೇಕಾಗಿದ್ದಕ್ಕಿಂತ ಹೆಚ್ಚಾದರೆ ಹೇಗೆ ಇಡಬೇಕು ಎಂದು ಸಿಸ್ಟರ್ ಹೇಳುತ್ತಾರೆ. ಹಿಂಡುವುದು ನಿಲ್ಲಿಸಿದರೆ ಕೂಸು ಚೇತರಿಸಿಕೊಂಡು ಬಾಯಿ ತೆರೆಯುವ ಹೊತ್ತಿಗೆ ಹಾಲೇ ಬತ್ತಿರುತ್ತದೆ.

ನಮ್ಮ ಕಡೆ ಬಾಣಂತಿಗೆ ನೀರು ಕೊಡಲು ಹಿಂದೆಮುಂದೆ ನೋಡುತ್ತಾರೆ. ನೀರು ಕುಡಿದರೆ ಕೂಸಿಗೆ ಶೀತ, ಹೊಟ್ಟೆ ದಪ್ಪ ಆಗುತ್ತದೆ ಎನ್ನುತ್ತಾರೆ. ಅಜ್ಜಿಯಂದಿರೇ, ನಿಮ್ಮ ಬಾಣಂತನದ ಕೈಗುಣ ದೊಡ್ಡದು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಬಿಸಿ ಅನ್ನ ಎಲ್ಲ ಇರಲಿ. ಆದರೆ ಬಾಯಾರಿದಾಗಲೆಲ್ಲ ಅವಳಿಗೆ ಕಾಯಿಸಿ ಆರಿಸಿದ ನೀರು ಕೊಡಿ. ಬಾಣಂತಿ ಬೇರೆ ಆಸ್ಪತ್ರೆಯಲ್ಲಿದ್ದರೆ ಅವಳನ್ನು ಕೂಸಿರುವ ಕಡೆಗೇ ವರ್ಗ ಮಾಡಿಸಲು ಆಗುತ್ತದಾ ಎಂದು ಮೊದಲ ದಿನವೇ ಕೇಳಿ.

ಹೆಜ್ಜೆ 8: ದೊಡ್ಡ ಆಸ್ಪತ್ರೆಗೆ ಕಳಿಸುವ ಮಾತು ಬಂದರೆ

ನೀರು ತುಂಬಿ ಉಸಿರಾಟ ಕಷ್ಟವಾದರೆ, ಪೊಟ್ಯಾಸಿಯಂ ಔಷಧಿಗೆ ಇಳಿಯದಿದ್ದರೆ, ರಕ್ತದಲ್ಲಿ ಆಮ್ಲ ಹೆಚ್ಚುತ್ತಾ ಹೋದರೆ ಡಯಾಲಿಸಿಸ್ ಬೇಕಾಗಬಹುದು. ದೊಡ್ಡವರಿಗೆ ಮಾಡುವ ಮಿಷಿನ್ ಇಲ್ಲಿ ಆಗುವುದಿಲ್ಲ. 3 ಕಿಲೋ ಕೂಸಿನ ಮೈಯಲ್ಲಿರುವ ರಕ್ತವೇ ಕಾಲು ಲೀಟರಿನಷ್ಟು. ಅದರಲ್ಲಿ ಎಷ್ಟನ್ನು ಮಿಷಿನ್ನಿನ ಪೈಪಿಗೆ ಬಿಡಲಾದೀತು? ಹಾಗಾಗಿ ಕೂಸುಗಳಿಗೆ ಹೆಚ್ಚಾಗಿ ಮಾಡುವುದು ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಯೊಳಗೆ ಮೆತ್ತನೆಯ ಸಣ್ಣ ಕೊಳವೆ ಇಟ್ಟು, ಕಿಲೋಗೆ 10 ಮಿಲಿಯಂತೆ ದ್ರವ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ ಹೊರತೆಗೆಯುತ್ತಾರೆ. ಕಸವೂ ಹೆಚ್ಚಿನ ನೀರೂ ಅದರ ಜೊತೆ ಹೊರಬರುತ್ತವೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಮಾಡಬೇಕು ಎಂಬ ಭಯ ಬೇಡ. ಇಂಥ ಪೆಟ್ಟಿನಲ್ಲಿ ಬಹಳ ಸಲ ಇದು ಕಿಡ್ನಿ ಚೇತರಿಸಿಕೊಳ್ಳುವ ತನಕದ ಆಸರೆ.

ಮಕ್ಕಳ ಕಿಡ್ನಿ ತಜ್ಞರು ಎಲ್ಲ ಊರಲ್ಲೂ ಇಲ್ಲ. ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಕಡೆಯವರಿಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೋ, ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಯೋ ಸೂಚಿಸಬಹುದು. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ., ಮೈಸೂರು ಸುಮಾರು 120. ಮಂಗಳೂರಿಗಾದರೆ ಶಿರಾಡಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದೆಯಾ ಎಂದು ಮೊದಲೇ ವಿಚಾರಿಸಿ.

ಹೊರಡುವ ಮೊದಲು ಇಲ್ಲಿನ ಡಾಕ್ಟರು ಅಲ್ಲಿಗೆ ಫೋನ್ ಮಾಡಿ ಬೆಡ್ ಇದೆ ಎಂದು ಖಾತ್ರಿ ಮಾಡಿಕೊಳ್ಳಲಿ. ಬೆಡ್ ಇಲ್ಲದೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಹೊತ್ತಿನಲ್ಲೇ ಕೂಸುಗಳು ಸೋಲುತ್ತವೆ. ಚೀಟಿಯಲ್ಲಿ ಕೊನೆಯ ಸಲ ಉಚ್ಚೆ ಯಾವಾಗ ಬಂತು, 24 ಗಂಟೆಯಲ್ಲಿ ಎಷ್ಟು, ಕೊಟ್ಟ ಔಷಧಿಗಳ ಕೊನೆಯ ಡೋಸಿನ ಹೊತ್ತು, ಇವೆಲ್ಲ ಬರೆಸಿಕೊಳ್ಳಿ. ದಾರಿಯಲ್ಲಿ ಕೂಸು ಬೆಚ್ಚಗಿರಬೇಕು. ಟೋಪಿ, ಕಾಲುಚೀಲ ಹಾಕಿ. ಕೂಸಿನ ಸ್ಥಿತಿ ಒಪ್ಪಿದರೆ ಎದೆಗಪ್ಪಿ ಒಯ್ಯುವುದೇ ಒಳ್ಳೆಯದು, ಸಿಸ್ಟರನ್ನು ಕೇಳಿ. ಖರ್ಚಿನ ಬಗ್ಗೆ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಕೂಸಿಗೆ ಚಿಕಿತ್ಸೆ, ಔಷಧಿ, ಪರೀಕ್ಷೆ, ವಾಹನ ಉಚಿತ. 108 ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆಯೂ ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ಕೇಳಿ. ಎಸ್ಟೇಟ್ ಲೈನ್ ಮನೆಗಳಿಂದ ಬಂದವರು ರೇಷನ್ ಕಾರ್ಡು, ಆಧಾರ್ ಜೊತೆಯಲ್ಲೇ ಇಟ್ಟುಕೊಳ್ಳಿ.

ಹೆಜ್ಜೆ 9: ಮನೆಗೆ ಬಂದ ಮೇಲೆ

ಐದಾರನೇ ದಿನದ ನಂತರ ಹಾಲು ಸಾಲುತ್ತಿರುವ ಕೂಸು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡಬೇಕು. ಮೊದಲ ಒಂದೆರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕಿತ್ತಳೆ ಕಲೆ ಕಂಡರೆ ಹೆದರಬೇಕಿಲ್ಲ. ಅದೇ ಕಲೆ ನಾಲ್ಕೈದು ದಿನ ಕಳೆದೂ ಬರುತ್ತಿದ್ದರೆ ಹಾಲು ಸಾಲುತ್ತಿಲ್ಲ ಎಂದು ತಿಳಿದು ತೋರಿಸಿ. ಆಶಾ ಕಾರ್ಯಕರ್ತೆ ಹುಟ್ಟಿದ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. ಕೂಸು ಐಸಿಯುನಲ್ಲಿತ್ತು, ಕಿಡ್ನಿಗೆ ಪೆಟ್ಟಾಗಿತ್ತು ಎಂದು ಅವರಿಗೆ ಹೇಳಿ, ಬಂದಾಗಲೆಲ್ಲ ತೂಕ ಹಾಕಿಸಿ.

ಪೆಟ್ಟಾಗಿ ಮೂರು ತಿಂಗಳಾದಾಗ ಮಾಡಿಸಬೇಕಾದ ಕಿಡ್ನಿಯ ಪರೀಕ್ಷೆ ತಪ್ಪಿಸಬೇಡಿ: ಬಿ.ಪಿ., ಕ್ರಿಯಾಟಿನಿನ್, ಉಚ್ಚೆಯಲ್ಲಿ ಪ್ರೋಟೀನ್. ಎಲ್ಲ ಸರಿ ಬಂದರೂ ಆಮೇಲೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕೆಂದು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಬೇಗ ಹುಟ್ಟಿದ ಮಕ್ಕಳಿಗೂ, ಹಂತ 2, 3 ಮುಟ್ಟಿದ್ದವರಿಗೂ ಇದು ವರ್ಷಗಳ ಮಾತು. ಕೂಸಿನ ಬಿ.ಪಿ. ನೋಡಲು ಸಣ್ಣ ಪಟ್ಟಿಯೇ ಬೇಕು. ದೊಡ್ಡ ಪಟ್ಟಿ ಸುತ್ತಿದರೆ ಅಂಕಿ ಕಡಿಮೆ ತೋರಿಸುತ್ತದೆ.

ಜ್ವರ ಬಂದಾಗ ಮೆಡಿಕಲ್ ಶಾಪಿನವರು ಕೊಟ್ಟ ಸಿರಪ್ ಸುಮ್ನೆ ಹಾಕಬೇಡಿ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇರುವವು ಈ ಮಕ್ಕಳಿಗೆ ಆಗದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸಿರಪ್ ಹುಡುಕದೆ ನೇರ ಆಸ್ಪತ್ರೆಗೆ ಬನ್ನಿ. ಭೇದಿ, ವಾಂತಿ ಶುರುವಾದ ದಿನವೇ ತೋರಿಸಿ. ಯಾವ ಡಾಕ್ಟರ ಹತ್ತಿರ ಹೋದರೂ, ಮಗು ಶಾಲೆಗೆ ಹೋಗುವ ವಯಸ್ಸಾದರೂ, ಡಿಸ್ಚಾರ್ಜ್ ಕಾರ್ಡು ಜೊತೆಗಿರಲಿ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಲಸಿಕೆ ಕಾರ್ಡಿನ ಜೊತೆ ಒಂದೇ ಕಡೆ ಇಡಿ.